ಇನ್ನೊಂದು ಜೆರಾಕ್ಸ್ ತನ್ನಿ

ಒಂದು ಕಚೇರಿ. ಯಾವುದೆಂದು ಹೇಳುವುದಿಲ್ಲ. ಒಂದರ ಹೆಸರೆತ್ತಿದರೆ ಉಳಿದವು ‘ನಾವೇನು ಕಡಿಮೆ’ ಎಂದು ಮುನಿಸಿಕೊಳ್ಳುತ್ತವೆ. ನಮ್ಮಪ್ಪನ ಹೆಸರಿನಿಂದ ಯಾವುದೋ ಕಾಲದಲ್ಲಿ ಒಂದು ಒತ್ತಕ್ಷರ ಉದುರಿಹೋಗಿತ್ತು. ಅದನ್ನು ಮತ್ತೆ ಅಂಟಿಸಬೇಕಿತ್ತು, ಅಷ್ಟೇ. ಅರ್ಜಿ ಹಿಡಿದು ಹೋದೆ.

‘ಆಧಾರ್ ಜೆರಾಕ್ಸ್ ಬೇಕಲ್ಲ ಸಾ’ ಎಂದರು. ಕೊಟ್ಟೆ. ಮಾರನೇ ದಿನ, ‘ವಂಶವೃಕ್ಷ ಎಲ್ಲಿ ಸಾ?’ ಎಂದರು. ಹತ್ತು ದಿನ ಓಡಾಡಿ ಅದನ್ನೂ ಕೊಟ್ಟೆ. ಕನ್ನಡಕ ಏರಿಸಿ ನೋಡಿದವರು, ‘ಇದ್ರಲ್ಲೂ ಅದೇ ತಪ್ಪು ಹೆಸ್ರು ಅದಲ್ಲ! ಮೊದ್ಲು ಇದ್ನ ತಿದ್ಸ್ಕಂಡು ಬನ್ನಿ’ ಎಂದರು. ವಂಶವೃಕ್ಷ ತಿದ್ದುವವರ ಬಳಿ ಹೋದರೆ ಅವರು ಕೇಳಿದ್ದು ಮೂಲ ದಾಖಲೆಯಲ್ಲಿ ಸರಿಯಾದ ಹೆಸರಿರುವ ಪ್ರತಿಯನ್ನು. ಹುಚ್ಚು ಬಿಡದೆ ಮದುವೆ ಆಗದು, ಮದುವೆ ಆಗದೆ ಹುಚ್ಚು ಬಿಡದು. ಐದನೇ ಸಲ ಹೋದಾಗ ತಡೆಯಲಾರದೆ ಕೇಳಿದೆ: ‘ಏನೇನು ಬೇಕು ಅಂತ ಮೊದಲೇ ಒಂದೇ ಸಲ ಹೇಳಬಾರದಿತ್ತೇನಪ್ಪ?’

‘ನೀವು ಕೇಳ್ಲೇ ಇಲ್ವಲ್ಲ ಸಾ.’

ಕಂಪ್ಯೂಟರಿನವರು ಈ ಸ್ಥಿತಿಗೆ ‘ಡಿಪೆಂಡೆನ್ಸಿ ಹೆಲ್’ ಎಂದು ಹೆಸರಿಟ್ಟಿದ್ದಾರೆ. ಅವಲಂಬನೆಯ ನರಕ. ಅವರು ಆ ನರಕದಿಂದ 1999ರ ಸುಮಾರಿಗೆ ಹೊರಬಿದ್ದರು. ನಾವು ಇನ್ನೂ ಟೋಕನ್ ಹಿಡಿದು ನಿಂತಿದ್ದೇವೆ.

ಈ ಜ್ಞಾನ ನನಗೆ ಬಂದದ್ದು ಲ್ಯಾಪ್‌ಟಾಪಿನಿಂದ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ನಿವೃತ್ತಿ ಎಂದು ಮೈಕ್ರೋಸಾಫ್ಟ್ ಸಾರಿತು. ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಇಲ್ಲದ ಹಳೆಯ ಯಂತ್ರಗಳಿಗೆ ಹನ್ನೊಂದಕ್ಕೆ ಬಡ್ತಿ ಇಲ್ಲ. ನಮ್ಮ ಮನೆಯದು ಆ ಪಂಗಡದ್ದು. ಕೀಲಿಮಣೆ ಗಟ್ಟಿ, ಪರದೆ ಗಟ್ಟಿ, ಕಾಗದಪತ್ರದಲ್ಲಿ ಮಾತ್ರ ಕೆಲಸಕ್ಕೆ ಬಾರದ್ದು. ಮೂವತ್ತು ವರ್ಷ ಪಾಠ ಹೇಳಿ ನಿವೃತ್ತನಾದ ನನಗೆ ಅದರ ಸಂಕಟ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ.

ಅಪ್‌ಡೇಟ್ ಎಂಬ ಗುಂಡಿಯನ್ನಂತೂ ನಾನು ಜನ್ಮದಲ್ಲಿ ಒತ್ತಿದವನಲ್ಲ. ಚಾಮರಾಜನಗರದವನು ನೋಡಿ. ನಮ್ಮೂರಿಗೆ ಕಾಲಿಟ್ಟ ಮುಖ್ಯಮಂತ್ರಿಯ ಕುರ್ಚಿ ಉಳಿಯುವುದಿಲ್ಲ ಎಂಬ ನಂಬಿಕೆಯಲ್ಲಿ ಬೆಳೆದವನು. ದೇವರಾಜ ಅರಸು, ಗುಂಡೂರಾಯರು, ಹೆಗಡೆ, ಬೊಮ್ಮಾಯಿ, ವೀರೇಂದ್ರ ಪಾಟೀಲ ಎಂದು ಟೀ ಅಂಗಡಿಗಳಲ್ಲಿ ಪಟ್ಟಿ ಒಪ್ಪಿಸುತ್ತಿದ್ದರು. ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದೂ 2013ರಿಂದ 2018ರವರೆಗೆ ಪೂರ್ತಿ ಅವಧಿ ಮುಗಿಸಿದ ಮೇಲೆ ಆ ಭೂತ ರಾಜಕಾರಣಿಗಳನ್ನು ಬಿಟ್ಟಿತು. ಬಿಟ್ಟದ್ದು ಎಲ್ಲಿಗೆ ಹೋಗಬೇಕು? ಕಂಪ್ಯೂಟರಿನೊಳಗೆ ಹೊಕ್ಕಿತು. ಅಪ್‌ಡೇಟ್ ಮಾಡಿದರೆ ಏನೋ ಒಂದು ಹೋಗುತ್ತದೆ ಎಂಬ ಭಯ ಈಗ ನಮ್ಮಂಥವರದು.

ಬೆಂಗಳೂರಿನಲ್ಲಿರುವ ತಂಗಿಯ ಮಗ ಫೋನ್ ಮಾಡಿದ. ‘ಗುಜರಿಗೆ ಹಾಕ್ಬೇಡಿ ಮಾವ, ಲಿನಕ್ಸ್ ಹಾಕ್ಕೊಳ್ಳಿ. ಈ ಭಾನುವಾರ ಊಟಿಗೆ ಹೋಗ್ತಾ ಗುಂಡ್ಲುಪೇಟೇಲಿ ಇಳೀತೀನಿ, ಅಲ್ಲಿಗೇ ಲ್ಯಾಪ್‌ಟಾಪ್ ತನ್ನಿ. ಅಂದಹಾಗೆ ಮಾವ, ನಾನು ಆರ್ಚ್ ಲಿನಕ್ಸ್ ಯೂಸ್ ಮಾಡ್ತೀನಿ.’ ಕೊನೆಯ ವಾಕ್ಯವನ್ನು ನಾನು ಕೇಳಿರಲಿಲ್ಲ. ಆರ್ಚ್ ಬಳಸುವವರು ಕೇಳದಿದ್ದರೂ ಹೇಳುತ್ತಾರೆಂದು ಆಮೇಲೆ ತಿಳಿಯಿತು.

ಭಾನುವಾರ ತೆರಕಣಾಂಬಿ ಮೇಲಿನ ಬಸ್ಸು ಹತ್ತಿದೆ. ಗುಂಡ್ಲುಪೇಟೆ ಎಂದರೆ ದಾರಿಗಳು ಕೂಡುವ ಊರು: ಒಂದು ಊಟಿಗೆ, ಒಂದು ಸುಲ್ತಾನ್ ಬತ್ತೇರಿಗೆ, ಒಂದು ಮೈಸೂರಿಗೆ, ಒಂದು ನಮ್ಮೂರಿಗೆ. ನನ್ನ ಷಡ್ಡಕರ ಮಗನದು ಅಲ್ಲೊಂದು ಡಿಟಿಪಿ ಅಂಗಡಿ. ಅಲ್ಲಿ ನಾಲ್ಕು ದಾರಿಯಂತೆಯೇ ನಾಲ್ಕು ಜನ ಕಾದಿದ್ದರು: ಅಳಿಯ, ಷಡ್ಡಕ, ಡಿಟಿಪಿ ಹುಡುಗ, ಮತ್ತೆ ಜಾತಕ ಟೈಪ್ ಮಾಡಿಸಲು ಬಂದು ಸಿಕ್ಕಿಹಾಕಿಕೊಂಡ ಒಬ್ಬ ಕಂಪ್ಯೂಟರ್ ಉಪನ್ಯಾಸಕರು. ನನ್ನ ಲ್ಯಾಪ್‌ಟಾಪನ್ನು ನಡುವೆ ಇಟ್ಟುಕೊಂಡು ಹೆಣ್ಣು ನೋಡುವ ಶಾಸ್ತ್ರ ಶುರುವಾಯಿತು.

ಮೊದಲು ವಿಷಯ ಅರ್ಥ ಮಾಡಿಕೊಳ್ಳಿ. ವಿಂಡೋಸಿನಲ್ಲಿ ಹೊಸ ತಂತ್ರಾಂಶ ಬೇಕೆಂದರೆ ನಾವೇನು ಮಾಡುತ್ತಿದ್ದೆವು? ಯಾವುದೋ ಜಾಲತಾಣದಲ್ಲಿ ‘ಡೌನ್‌ಲೋಡ್’ ಎಂದು ಬರೆದ ಆರು ಹಸಿರು ಗುಂಡಿಗಳಲ್ಲಿ ಐದು ಸುಳ್ಳು, ಒಂದು ನಿಜ. ನಿಜದ್ದನ್ನು ಒತ್ತಿ, ‘ನೆಕ್ಸ್ಟ್ ನೆಕ್ಸ್ಟ್’ ಎಂದು ಸತ್ಯನಾರಾಯಣ ಪೂಜೆಯಲ್ಲಿ ಪುರೋಹಿತರ ಹಿಂದೆ ‘ಮಮ’ ಅಂದಂತೆ ಅನ್ನುತ್ತಾ ಹೋದರೆ ಬೇಕಾದದ್ದೂ ಬರುತ್ತಿತ್ತು, ಬೇಡದ ಎರಡೂ ಬರುತ್ತಿದ್ದವು. ಲಿನಕ್ಸ್ ಲೋಕದಲ್ಲಿ ಹಾಗಲ್ಲ. ಅಲ್ಲಿ ಶೆಟ್ಟರ ದಿನಸಿ ಅಂಗಡಿ ಇದೆ. ಚೀಟಿ ಕೊಟ್ಟರೆ ಸಾಮಾನನ್ನು ಪೊಟ್ಟಣ ಕಟ್ಟಿ ಕೊಡುತ್ತಾರೆ. ‘ಪುಳಿಯೋಗರೆ ಪುಡಿ’ ಎಂದು ಬರೆದರೆ, ‘ಹುಣಸೆಹಣ್ಣು ಇದೆಯಾ ಮನೇಲಿ? ಕಡಲೆಬೀಜ?’ ಎಂದು ಅವರೇ ಕೇಳಿ, ಇಲ್ಲದ್ದನ್ನೂ ಸೇರಿಸಿ, ಒಟ್ಟು ಲೆಕ್ಕ ಹೇಳಿ, ‘ಕಟ್ಟಲಾ?’ ಎನ್ನುತ್ತಾರೆ. ಆ ಶೆಟ್ಟರ ಹೆಸರೇ ಪ್ಯಾಕೇಜ್ ಮ್ಯಾನೇಜರ್. ಇಷ್ಟಾದರೆ ಪರವಾಗಿರಲಿಲ್ಲ. ಆದರೆ ಲಿನಕ್ಸಿನ ಬೀದಿಯಲ್ಲಿ ಒಬ್ಬ ಶೆಟ್ಟರಲ್ಲ, ಹತ್ತಾರು ಜನ. ಪ್ರತಿ ಅಂಗಡಿಗೂ ಒಂದೊಂದು ಅಭಿಮಾನಿ ಸಂಘ.

‘ಮೊದಮೊದ್ಲು ಶೆಟ್ರಿಗೂ ಈ ಬುದ್ಧಿ ಇರಲಿಲ್ಲ’ ಎಂದು ಷಡ್ಡಕ ಇತಿಹಾಸ ತೆಗೆದರು. 1993ರಲ್ಲಿ ಬಂದ ಸ್ಲಾಕ್‌ವೇರ್ ಪೊಟ್ಟಣ ಕೊಡುತ್ತಿತ್ತು. ಜೊತೆಗೆ ಇನ್ನೇನು ಬೇಕು ಎಂಬುದು ನಿಮ್ಮ ಹಣೆಬರಹ. ಈಗಲೂ ಅದರ ಮೂಲ ಸಾಧನದ ಧೋರಣೆ ಅದೇ. ರೆಡ್ ಹ್ಯಾಟ್‌ನ ಆರ್‌ಪಿಎಂ ‘ಇದಕ್ಕೆ ಅದು ಬೇಕು’ ಎಂದು ಹೇಳಲು ಕಲಿತಿತ್ತು, ತಂದುಕೊಡಲು ಕಲಿತಿರಲಿಲ್ಲ. ಅದನ್ನು ಹುಡುಕಿ ತಂದರೆ, ಅದಕ್ಕೆ ಇನ್ನೊಂದು ಬೇಕು ಎನ್ನುತ್ತಿತ್ತು. ನಾನು ತಟ್ಟನೆ ಎದ್ದು ನಿಂತೆ. ಈ ತಂತ್ರಾಂಶವನ್ನು ನಾನು ಬಲ್ಲೆ. ಅದು ನಮ್ಮ ಕೌಂಟರಿನಲ್ಲಿ ಕೂತಿದೆ, ಕನ್ನಡಕ ಹಾಕಿಕೊಂಡಿದೆ.

ಡೆಬಿಯನ್ ಎಂಬ ಬಳಗ 1999ರ ಮಾರ್ಚ್‌ನ ಬಿಡುಗಡೆಯಲ್ಲಿ ‘ಆಪ್ಟ್’ ಎಂಬ ಸಾಧನವನ್ನು ಕೊಟ್ಟಿತು. ಕೇಳಿದ ಸಾಮಾನಿಗೆ ಏನೇನು ಬೇಕು, ಅವಕ್ಕೆ ಏನೇನು ಬೇಕು, ಆ ಅವಕ್ಕೆ ಮತ್ತೇನು ಬೇಕು ಎಂದು ಬುಡದವರೆಗೆ ಲೆಕ್ಕ ಹಾಕಿ, ಪೂರ್ತಿ ಪಟ್ಟಿ ಮುಂದಿಟ್ಟು, ಎಷ್ಟು ಜಾಗ ಹಿಡಿಯುತ್ತದೆ ಎಂದೂ ಹೇಳಿ, ‘ಮುಂದುವರಿಯಲೇ?’ ಎಂದು ಕೇಳುವ ಸೌಜನ್ಯ. ಒಂದೇ ಸಲ ಹೇಳುವ ಸೌಜನ್ಯ! ನನಗೆ ಕಣ್ಣು ತುಂಬಿ ಬಂತು. ಮುಂದೆ ರೆಡ್ ಹ್ಯಾಟ್ ಬಳಗದವರೂ ‘ಯಮ್’ ಎಂಬುದನ್ನು, ಆಮೇಲೆ ಅದರ ಮಗ ‘ಡಿಎನ್‌ಎಫ್’ ಎಂಬುದನ್ನು ತಂದು ಮರ್ಯಾದೆ ಉಳಿಸಿಕೊಂಡರು. ಡಿಎನ್‌ಎಫ್ ಎಂದರೆ ‘ಠಾಕುಠೀಕಾದ ಯಮ್’ ಎಂದರ್ಥ. ಹಳೇ ಎತ್ತಿಗೆ ಕೊಂಬು ಸವರಿ ಬಣ್ಣ ಬಳಿದು ಜಾತ್ರೆಗೆ ತಂದ ಹಾಗೆ.

ಷಡ್ಡಕರು ಡೆಬಿಯನ್ ಪಕ್ಷ. ‘ಇವ್ರು ಎರಡು ವರ್ಷಕ್ಕೊಂದ್ಸಲ ತೇರು ಎಳೀತಾರ ಕನ ಭಾವ. 2023ರ ಜೂನಲ್ಲಿ ಒಂದು, 2025ರ ಆಗಸ್ಟ್ 9ಕ್ಕ ಇನ್ನೊಂದು. ಈ ಸಲದ ತೇರ್ನಲ್ಲಿ 69,830 ಪೊಟ್ಟಣ!’ ತೇರಿಗೆ ಮುಂಚೆ ಬಾಗಿಲು ಹಾಕುತ್ತಾರಂತೆ. ಮೊದಲು ಮೆತ್ತಗೆ, ಆಮೇಲೆ ಗಟ್ಟಿಯಾಗಿ, ಕೊನೆಗೆ ಪೂರ್ತಿ. ಹೊಸ ಸಾಮಾನು ಒಳಗೆ ಬರುವ ಹಾಗಿಲ್ಲ. ದೊಡ್ಡ ತೊಂದರೆ ಸರಿಪಡಿಸುವ ತೇಪೆ ಮಾತ್ರ ಬರಬಹುದು. ಗುಂಡ್ಲುಪೇಟೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2009ರಿಂದ ಬಂಡೀಪುರದ ಗೇಟು ರಾತ್ರಿ 9ಕ್ಕೆ ಬಿದ್ದರೆ ಏಳುವುದು ಬೆಳಿಗ್ಗೆ 6ಕ್ಕೆ. ಆಂಬುಲೆನ್ಸ್ ಹೋಗಬಹುದು, ಲೆಕ್ಕದ ಬಸ್ಸು ಹೋಗಬಹುದು, ಟೊಮೆಟೊ ಲಾರಿ ಮದ್ದೂರು ಚೆಕ್‌ಪೋಸ್ಟಿನಲ್ಲಿ ಮಲಗಬೇಕು. ಆನೆ ಉಳಿಯುತ್ತದೆ, ಟೊಮೆಟೊ ಬಾಡುತ್ತದೆ. ಡೆಬಿಯನ್ ಕೂಡ ಹಾಗೆಯೇ: ಯಂತ್ರ ಉಳಿಯುತ್ತದೆ, ತಂತ್ರಾಂಶ ಹಳತಾಗುತ್ತದೆ. ತಂಗಳು ನಿಜ, ಆದರೆ ಹೊಟ್ಟೆ ಕೆಡಿಸಿದ ತಂಗಳಲ್ಲ. ಇನ್ನೊಂದು ವಿಶೇಷ: ಆಪ್ಟ್‌ಗೆ ‘ಮೂ’ ಎಂದು ಆಜ್ಞೆ ಕೊಟ್ಟರೆ ಪರದೆಯ ಮೇಲೆ ಅಕ್ಷರಗಳಲ್ಲಿ ಬರೆದ ಹಸುವೊಂದು ನಿಂತು, ‘ಇವತ್ತು ಅಂಬಾ ಅಂದೆಯಾ?’ ಎಂದು ಕೇಳುತ್ತದೆ. ಗೋಪಾಲಸ್ವಾಮಿ ಬೆಟ್ಟದ ಬುಡದವರಿಗೆ ಭಕ್ತಿ ಹುಟ್ಟಲು ಇಷ್ಟು ಸಾಕು.

‘ತಂಗಳು ತಿಂದ್ಕೊಂಡಿರಿ’ ಎಂದು ಅಳಿಯ ಮೂಗು ಮುರಿದ. ಅವನ ಆರ್ಚ್‌ಗೆ ತೇರೂ ಇಲ್ಲ, ಜಾತ್ರೆಯೂ ಇಲ್ಲ, ದಿನವೂ ಹೊಸದು. ಅದರ ಶೆಟ್ಟರ ಹೆಸರು ‘ಪ್ಯಾಕ್‌ಮನ್’. ಮುಂಜಾನೆ ಕಿತ್ತ ಚೆಂಡುಹೂವಿನ ಹಾಗೆ ತಾಜಾ. ಚೆಂಡುಹೂ ಸಂಜೆಗೆ ಏನಾಗುತ್ತದೆಂದು ಬೆಂಗಳೂರಿನವರಿಗೆ ಗೊತ್ತಿಲ್ಲ, ಬೆಳೆದವರಿಗೆ ಗೊತ್ತು. ಅಂಗಡಿಯಲ್ಲಿ ಸಿಗದ್ದು ಪಕ್ಕದ ಸಂತೆಯಲ್ಲಿ ಸಿಗುತ್ತದಂತೆ. ಅದಕ್ಕೆ ‘ಎಯುಆರ್’ ಎಂದು ಹೆಸರು. ಯಾರು ಬೇಕಾದರೂ ಗೋಣಿಚೀಲ ಹಾಸಿ ಕೂರಬಹುದು, ಕೊಳ್ಳುವವರು ನೋಡಿ ಕೊಳ್ಳಬೇಕು. 2025ರ ಜುಲೈನಲ್ಲಿ ಅಲ್ಲಿ ಫೈರ್‌ಫಾಕ್ಸ್‌ನಂಥ ಬ್ರೌಸರುಗಳ ಹೆಸರು ಹೊತ್ತ ಕೆಲವು ಪೊಟ್ಟಣಗಳೊಳಗೆ ಕಳ್ಳ ತಂತ್ರಾಂಶ ಕೂತಿದ್ದದ್ದು ಪತ್ತೆಯಾಗಿ ತೆಗೆದುಹಾಕಿದರು. ‘ಓದ್ದೇ ಹಾಕ್ಕೊಂಡೋರ ತಪ್ಪು ಮಾವ’ ಎಂದ ಅಳಿಯ. ‘ನೀನು ಓದ್ತೀಯೇನೋ?’ ಎಂದೆ. ಅವನು ಊಟಿ ಕಡೆಯ ರಸ್ತೆ ನೋಡಿದ.

ಜೆಂಟೂ ಎಂಬ ಇನ್ನೊಂದು ಪಂಥದ ಮಾತು ಬಂತು. ಅಲ್ಲಿ ದೋಸೆ ಕೇಳಿದರೆ ಭತ್ತ ಕೊಡುತ್ತಾರೆ. ಕುಟ್ಟಿ, ಕೇರಿ, ನೆನೆಸಿ, ರುಬ್ಬಿ, ನಿಮ್ಮ ಒಲೆಯ ಉರಿಗೆ ತಕ್ಕಂತೆ ನೀವೇ ಹುಯ್ದುಕೊಳ್ಳಬೇಕು. ರುಚಿ ಬೇರೆಯಂತೆ. ರುಚಿ ನೋಡುವ ಹೊತ್ತಿಗೆ ಮಧ್ಯಾಹ್ನದ ಊಟದ ಹೊತ್ತಾಗಿರುತ್ತದೆ. ಎರಡು ದಶಕ ಹೀಗೆ ವ್ರತ ಹಿಡಿದ ಆ ಪಂಥದವರು 2023ರ ಕೊನೆಯಲ್ಲಿ ‘ಬೇಕಾದವರಿಗೆ ರುಬ್ಬಿದ ಹಿಟ್ಟನ್ನೂ ಧಾರಾಳವಾಗಿ ಕೊಡುತ್ತೇವೆ’ ಎಂದು ಘೋಷಿಸಿದರು. ವಯಸ್ಸು ಯಾರನ್ನೂ ಬಿಡುವುದಿಲ್ಲ.

ಡಿಟಿಪಿ ಹುಡುಗ ಉಬುಂಟು ಪಕ್ಷ. ಉಬುಂಟು ಡೆಬಿಯನ್ನಿನ ಮನೆಯಿಂದಲೇ ಹಿಸ್ಸೆ ಪಡೆದು ಬೇರೆ ಒಲೆ ಹೂಡಿದ ಮಗ. ಅದನ್ನು ನಡೆಸುವ ಕನಾನಿಕಲ್ ಕಂಪನಿ ‘ಸ್ನ್ಯಾಪ್’ ಎಂಬ ಹೊಸ ಪೊಟ್ಟಣ ತಂದಿದೆ. ಅದರ ತತ್ವ ಸರಳ: ಯಾರ ಮನೆಯಲ್ಲಿ ಏನಿದೆ ಎಂದು ಕೇಳುವ ತಂಟೆಯೇ ಬೇಡ, ಬೇಕಾದದ್ದನ್ನೆಲ್ಲ ತಾನೇ ಹೊತ್ತು ತರುವುದು. ಬೀಗರು ಮನೆಗೆ ಬಂದರು ಅಂದುಕೊಳ್ಳಿ. ನಿಮ್ಮ ಮನೆಯ ಉಪ್ಪು ಅವರಿಗೆ ಒಗ್ಗುವುದಿಲ್ಲ. ಅವರ ಉಪ್ಪು, ಅವರ ಒಲೆ, ಅವರ ಮಂಚ, ಅವರ ನೀರಿನ ಡ್ರಮ್ಮು. ಜಗಳವೇನೂ ಇಲ್ಲ, ಆದರೆ ನಿಮಗೆ ಕಾಲು ಚಾಚಲು ಜಾಗವಿಲ್ಲ. ದಿನಕ್ಕೆ ನಾಲ್ಕು ಸಲ ಕಂಪನಿಗೆ ಫೋನ್ ಮಾಡಿ ‘ಹೊಸದೇನಾದರೂ ಬಂತಾ?’ ಎಂದು ವಿಚಾರಿಸಿ, ನಿಮ್ಮನ್ನು ಕೇಳದೆಯೇ ತಮ್ಮನ್ನು ತಾವು ಬದಲಾಯಿಸಿಕೊಳ್ಳುತ್ತಾರೆ. ಈ ಪೊಟ್ಟಣ ಸಿಗುವುದು ಒಂದೇ ಅಂಗಡಿಯಲ್ಲಿ. ತೆರೆದ ಆಕರದ ಊರಿನಲ್ಲಿ ಆ ಅಂಗಡಿಯ ಒಳಕೋಣೆ ಮಾತ್ರ ಮುಚ್ಚಿದ್ದು. ಉಬುಂಟು 22.04ರಲ್ಲಿ ಆಪ್ಟ್‌ಗೆ ‘ಫೈರ್‌ಫಾಕ್ಸ್ ಕೊಡು’ ಎಂದರೆ ಆಪ್ಟ್ ತಲೆಯಾಡಿಸಿ ಹಿಂಬಾಗಿಲಿನಿಂದ ಸ್ನ್ಯಾಪನ್ನು ಕರೆದು ಕೂರಿಸುತ್ತದೆ. ಲಿನಕ್ಸ್ ಮಿಂಟ್ ಎಂಬ ಪಕ್ಕದ ಮನೆಯವರು 2020ರಲ್ಲೇ ‘ನಮ್ಮಲ್ಲಿಗೆ ಹೀಗೆ ಕೇಳದೆ ಬರುವ ಹಾಗಿಲ್ಲ’ ಎಂದು ಬಾಗಿಲಿಗೆ ಅಗುಳಿ ಹಾಕಿದರು.

ಸ್ನ್ಯಾಪಿಗೆ ಎದುರಾಳಿ ‘ಫ್ಲ್ಯಾಟ್‌ಪ್ಯಾಕ್’. ಇದೂ ತನ್ನದನ್ನು ಹೊತ್ತು ತರುತ್ತದೆ, ಆದರೆ ನಾಲ್ಕಾರು ಬೀಗರು ಸೇರಿ ಒಂದೇ ಒಲೆ ಹಂಚಿಕೊಳ್ಳುವಷ್ಟು ಸಂಸಾರಸ್ಥ. ಅದರ ಹೆಸರಿಡುವ ಪದ್ಧತಿಯನ್ನು ಮಾತ್ರ ನೋಡಬೇಕು. ಬರೀ ‘ಫೈರ್‌ಫಾಕ್ಸ್’ ಎಂದರೆ ಸಾಲದು, ‘ಆರ್ಗ್ ಚುಕ್ಕಿ ಮೊಝಿಲ್ಲಾ ಚುಕ್ಕಿ ಫೈರ್‌ಫಾಕ್ಸ್’ ಎಂಬುದು ಪೂರ್ಣ ನಾಮಧೇಯ. ಇಂಥ ಜಿಲ್ಲೆ, ಇಂಥ ತಾಲ್ಲೂಕು, ಇಂಥ ಹೋಬಳಿ, ಇಂಥವರ ಮಗ. ಅರ್ಜಿ ಬರೆದು ರೂಢಿಯಿದ್ದ ನನಗೆ ಅದೊಂದೇ ಸಲೀಸಾಯಿತು. ‘ಆಪ್‌ಇಮೇಜ್’ ಎಂಬುದೋ ಕಟ್ಟಿಕೊಟ್ಟ ಬುತ್ತಿ. ಬಿಚ್ಚಿದರೆ ಊಟ, ತಿಂದರೆ ಮುಗಿಯಿತು. ಯಾವ ಅಂಗಡಿಯ ಹಂಗೂ ಇಲ್ಲ, ಹಳಸಿದರೆ ಹೇಳುವವರೂ ಇಲ್ಲ.

ಇಷ್ಟು ಹೊತ್ತು ಸುಮ್ಮನಿದ್ದ ಉಪನ್ಯಾಸಕರು ಗಂಟಲು ಸರಿಮಾಡಿಕೊಂಡರು. ‘ನಿಕ್ಸ್ ಬಗ್ಗೆ ಯಾರೂ ಹೇಳ್ಲಿಲ್ವಲ್ಲ.’ ಅಳಿಯನ ಮುಖ ಇಳಿಯಿತು. ಆರ್ಚಿನವನಿಗಿಂತ ಮೇಲಿನವನು ಬಂದಾಗ ಆಗುವ ಇಳಿತ ಅದು. ನೆದರ್ಲೆಂಡ್ಸಿನ ಈಲ್ಕೊ ಡೋಲ್ಸ್ಟ್ರಾ ಎಂಬವರು ಇದರ ಮೇಲೆ 2006ರಲ್ಲಿ ಪಿಎಚ್.ಡಿ. ಪ್ರಬಂಧವನ್ನೇ ಬರೆದಿದ್ದಾರೆ. ಇಲ್ಲಿ ಪ್ರತಿ ಪೊಟ್ಟಣಕ್ಕೂ ಮೂವತ್ತೆರಡು ಅಕ್ಷರದ ಗುರುತು. ಒಂದು ಚೂರು ಬದಲಾದರೂ ಹೊಸ ಗುರುತು, ಹೊಸ ಗೂಡು. ಹಳೆಯದು ಹಳೆಯ ಗೂಡಿನಲ್ಲೇ ಕ್ಷೇಮ. ನಮ್ಮ ಸರ್ವೆ ನಂಬರು ಅಣ್ಣತಮ್ಮಂದಿರ ಪಾಲಾಗಿ 112/1ಎ2ಬಿ ಆಗುವುದಿಲ್ಲವೇ, ಅದರ ಪರಮಪದ. ದೊಡ್ಡ ಲಾಭವೆಂದರೆ, ಬದಲಾವಣೆ ಕೈಕೊಟ್ಟರೆ ಯಂತ್ರವನ್ನು ನಿನ್ನೆಯ ಸ್ಥಿತಿಗೇ ಮರಳಿಸಿ ಎಬ್ಬಿಸಬಹುದು. ಈ ಸೌಲಭ್ಯ ಎಂಬತ್ತರ ದಶಕದಲ್ಲಿ ಇದ್ದಿದ್ದರೆ ಎಷ್ಟು ಜನ ಮುಖ್ಯಮಂತ್ರಿಗಳು ಧೈರ್ಯವಾಗಿ ಚಾಮರಾಜನಗರಕ್ಕೆ ಬಂದು, ತೊಂದರೆ ಕಂಡೊಡನೆ ಹಿಂದಿನ ದಿನಕ್ಕೆ ಹಿಂದಿರುಗಿ ಕುರ್ಚಿ ಉಳಿಸಿಕೊಳ್ಳುತ್ತಿದ್ದರೋ! ‘ಕಲಿಯೋಕೆ ಎಷ್ಟು ದಿನ ಬೇಕು ಸಾರ್?’ ಎಂದೆ. ಅವರು ದಿನದ ಲೆಕ್ಕ ಬಿಟ್ಟು, ‘ತಾಳ್ಮೆ ಬೇಕು’ ಎಂದರು.

ಎರಡು ಗಂಟೆ ಆಯಿತು, ಮೂರು ಸುತ್ತು ಟೀ ಆಯಿತು. ಒಬ್ಬನ ಪೊಟ್ಟಣವನ್ನು ಇನ್ನೊಬ್ಬ ಮುಟ್ಟುವುದಿಲ್ಲ. ಜಾತಿಪದ್ಧತಿ ಕಂಡುಹಿಡಿದ ದೇಶದಲ್ಲೂ ಇಷ್ಟು ಶುದ್ಧವಾದ ಮಡಿ ನಾನು ನೋಡಿರಲಿಲ್ಲ. ಲ್ಯಾಪ್‌ಟಾಪಿನ ಬ್ಯಾಟರಿ ಮುಗಿದು ಪರದೆ ಕಪ್ಪಾಗಿ ಅರ್ಧ ಗಂಟೆಯಾಗಿದ್ದನ್ನು ಯಾರೂ ಗಮನಿಸಿರಲಿಲ್ಲ. ಈ ನಾಲ್ವರಲ್ಲಿ ಒಬ್ಬರೂ ‘ಮೇಷ್ಟ್ರೇ, ಇದರಲ್ಲಿ ನೀವು ಏನು ಮಾಡಬೇಕು?’ ಎಂದು ಕೇಳಲಿಲ್ಲ. ಕೇಳಿದ್ದರೆ ‘ಒಂದು ಅರ್ಜಿ ಟೈಪ್ ಮಾಡಬೇಕು’ ಎನ್ನುತ್ತಿದ್ದೆ.

ಕೊನೆಗೆ ನಾನೇ ವಯಸ್ಸಿನ ಅಧಿಕಾರ ಚಲಾಯಿಸಿ ಡೆಬಿಯನ್ ಎಂದೆ. ಕಾರಣ ತಾಂತ್ರಿಕವಲ್ಲ, ಪೆನ್‌ಡ್ರೈವ್ ಇದ್ದದ್ದು ಷಡ್ಡಕರ ಜೇಬಿನಲ್ಲಿ. ಕೂರಿಸುವಾಗ ಅಳಿಯ ಹೆದರಿಸಿದ: ‘ಕೇಳೋದನ್ನ ಓದಿ ಮಾವ. 2021ರಲ್ಲಿ ಲೈನಸ್ ಸೆಬಾಸ್ಟಿಯನ್ ಅಂತ ದೊಡ್ಡ ಯೂಟ್ಯೂಬರ್ ಪಾಪ್ ಓಎಸ್‌ನಲ್ಲಿ ಒಂದು ಆಟದ ತಂತ್ರಾಂಶ ಹಾಕೋಕೆ ಹೋದ್ರು. ಆಪ್ಟ್ ಎಚ್ಚರಿಕೆ ಕೊಡ್ತು, ಮುಂದುವರಿಬೇಕಾದ್ರೆ ‘ಹೌದು, ನಾನು ಹೇಳಿದಂತೆ ಮಾಡು’ ಅಂತ ಟೈಪ್ ಮಾಡಿ ಅಂತು. ಓದದೆ ಮಾಡಿದ್ರು. ಡೆಸ್ಕ್‌ಟಾಪೇ ಹೊರಟುಹೋಯ್ತು.’ ನನಗೇನೂ ಆಶ್ಚರ್ಯವಾಗಲಿಲ್ಲ. ನಮ್ಮ ಚಿಕ್ಕಪ್ಪ ಹೀಗೆಯೇ ಓದದೆ ಒಂದು ಕಡೆ ಹೆಬ್ಬೆಟ್ಟು ಒತ್ತಿದ್ದ. ಹೋದದ್ದು ಡೆಸ್ಕ್‌ಟಾಪಲ್ಲ, ಎರಡೆಕರೆ ಖುಷ್ಕಿ.

ಎಲ್ಲ ಮುಗಿದ ಮೇಲೆ ಷಡ್ಡಕರು ಒಂದು ಪೊಟ್ಟಣ ಬಿಚ್ಚಿ ಒಳಗಿನ ಚೀಟಿ ತೋರಿಸಿದರು. ಡೆಬಿಯನ್ನಿನ ಪ್ರತಿ ಪೊಟ್ಟಣದೊಳಗೂ ‘ಕಂಟ್ರೋಲ್’ ಎಂಬ ಇಂಥದೊಂದು ಸಣ್ಣ ಚೀಟಿ ಇರುತ್ತದೆ. ಇದಿಲ್ಲದೆ ಆಗದು ಎಂಬುದಕ್ಕೆ ಒಂದು ಸಾಲು. ಇದ್ದರೆ ಒಳ್ಳೆಯದು ಎಂಬುದಕ್ಕೆ ಇನ್ನೊಂದು. ಮನಸ್ಸಿದ್ದರೆ ಇದನ್ನೂ ನೋಡಿ ಎಂಬುದಕ್ಕೆ ಮತ್ತೊಂದು. ಇವರಿಬ್ಬರನ್ನು ಒಂದೇ ಪಂಕ್ತಿಯಲ್ಲಿ ಕೂರಿಸಬೇಡಿ ಎಂಬುದಕ್ಕೂ ಒಂದು. ಕೆಲವು ಸಾಲನ್ನು ಯಂತ್ರವೇ ತುಂಬುತ್ತದೆ. ಉಳಿದದ್ದನ್ನು ಎಲ್ಲೋ ಒಬ್ಬರು, ಬಹುಪಾಲು ಸಂಬಳವಿಲ್ಲದ ಸ್ವಯಂಸೇವಕರು, ಕೂತು ಯೋಚಿಸಿ ಬರೆಯಬೇಕು. ಆಪ್ಟ್‌ನ ಜಾಣತನವೆಲ್ಲ ಈ ಚೀಟಿಯನ್ನು ನಂಬಿ ನಿಂತಿದೆ. ಚೀಟಿ ಬರೆಯುವವರಿಲ್ಲದಿದ್ದರೆ ಆಪ್ಟೂ ಅಷ್ಟೇ, ಪ್ಯಾಕ್‌ಮನ್ನೂ ಅಷ್ಟೇ: ಚೀಟಿಯಿಲ್ಲದ ಶೆಟ್ಟರು. ಎರಡು ಗಂಟೆ ನಾವು ಅಂಗಡಿಗಳ ಬಗ್ಗೆ ಜಗಳವಾಡಿದೆವು. ಮೂಟೆ ಕಟ್ಟಿದವರ ಮಾತು ಒಮ್ಮೆಯೂ ಬರಲಿಲ್ಲ.

ಆ ಕೈಗಳಲ್ಲಿ ಕನ್ನಡದವೂ ಇವೆ. ಡೆಬಿಯನ್ನಿನ ಉಗ್ರಾಣದಲ್ಲಿ ‘ಗುಬ್ಬಿ’ ಎಂಬ ಕನ್ನಡ ಫಾಂಟ್ ಇದೆ, ಕೈಬರಹದಂಥ ‘ನವಿಲು’ ಇದೆ. ಕನ್ನಡ ಗಣಕ ಪರಿಷತ್ತಿನ ಕಗಪ ಕೀಲಿಮಣೆ ವಿನ್ಯಾಸ ಲಿನಕ್ಸಿನ ಒಡಲಲ್ಲೇ ಇದೆ, ಆರಿಸಿಕೊಂಡರೆ ಸಾಕು. ನವೆಂಬರ್ ಒಂದರಂದು ಮೈಕು ಹಿಡಿಯುವ ನಾವು ಯಾರೂ ಈ ಗುಬ್ಬಿಗೆ ಒಂದು ಕಾಳು ಹಾಕಿದವರಲ್ಲ. ಗಡಿಯಾಚೆ ಕೇರಳದ ಸರ್ಕಾರಿ ಶಾಲೆಯ ಮಕ್ಕಳು ಹದಿನೈದು ವರ್ಷಕ್ಕೂ ಮೇಲಾಯಿತು, ಲಿನಕ್ಸಿನಲ್ಲೇ ಪಾಠ ಕಲಿಯುತ್ತಿದ್ದಾರೆ. ಅಲ್ಲಿನ ಕೈಟ್ ಸಂಸ್ಥೆ ಉಬುಂಟುವನ್ನು ತಮ್ಮ ಶಾಲೆಗಳಿಗೆ ಹೊಂದಿಸಿ ಕೊಡುತ್ತದೆ. ಓಣಂ ಬಂದರೆ ನಮ್ಮ ಗುಂಡ್ಲುಪೇಟೆಯ ಚೆಂಡುಹೂ ಗೇಟು ದಾಟಿ ಅತ್ತ ಹೋಗುತ್ತದೆ. ಅತ್ತಲಿಂದ ಈ ಬುದ್ಧಿ ಮಾತ್ರ ಇತ್ತ ಬರಲಿಲ್ಲ. ಅದು ರಾತ್ರಿ ಒಂಬತ್ತರ ಮೇಲೆ ಹೊರಟಿತ್ತೋ ಏನೋ.

ಮೂಟೆ ಕಟ್ಟುವವರನ್ನು ಮರೆತರೆ ಏನಾಗುತ್ತದೆ ಎಂಬುದಕ್ಕೆ ಉಪನ್ಯಾಸಕರು ಒಂದು ಕತೆ ಹೇಳಿದರು. ‘ಎಕ್ಸ್‌ಝಡ್’ ಎಂಬ, ಫೈಲುಗಳನ್ನು ಒತ್ತಿ ಸಣ್ಣದು ಮಾಡುವ ತಂತ್ರಾಂಶ. ಪ್ರಪಂಚದ ಲಿನಕ್ಸೆಲ್ಲ ಅದನ್ನು ನೆಚ್ಚಿಕೊಂಡಿತ್ತು. ಅದು ನೆಚ್ಚಿಕೊಂಡದ್ದು ಬಿಡುವಿನ ವೇಳೆಯಲ್ಲಿ ದುಡಿದು ದಣಿದಿದ್ದ ಒಬ್ಬನೇ ಒಬ್ಬನನ್ನು. ‘ಜಿಯಾ ಟ್ಯಾನ್’ ಎಂಬ ಹೆಸರಿನಲ್ಲಿ ಯಾರೋ ಬಂದು, ಎರಡು ವರ್ಷ ನಯವಾಗಿ ನೆರವಾಗಿ, ನಂಬಿಕೆ ಗಳಿಸಿ, ಕೊನೆಗೆ ಗೋಡೆಗೆ ಕಳ್ಳಬಾಗಿಲು ಕೊರೆದರು. 2024ರ ಮಾರ್ಚಿನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್, ಲಾಗಿನ್ ಆಗಲು ಅರ್ಧ ಸೆಕೆಂಡು ತಡವಾಗುತ್ತಿದೆಯಲ್ಲ ಎಂದು ಬೆನ್ನುಹತ್ತಿ ಅದನ್ನು ಬಯಲಿಗೆಳೆದರು. ಹೊಸತನಕ್ಕೆ ಹಾತೊರೆಯುವ ಅಂಗಡಿಗಳಿಗೆಲ್ಲ ಆ ಪೊಟ್ಟಣ ಬಂದಿಳಿದಿತ್ತು. ಷಡ್ಡಕರ ತಂಗಳು ಡೆಬಿಯನ್ನಿಗೆ ಬಂದಿರಲಿಲ್ಲ, ಗೇಟು ಬಿದ್ದಿತ್ತು. ಷಡ್ಡಕರು ಮೀಸೆ ತಿರುವುವಷ್ಟರಲ್ಲಿ ಉಪನ್ಯಾಸಕರು ಕತೆಗೆ ಬಾಲ ಸೇರಿಸಿದರು: ಆ ಫ್ರಾಯಿಂಡ್ ಕೆಲಸ ಮಾಡುವುದು ಮೈಕ್ರೋಸಾಫ್ಟಿನಲ್ಲಿ. ನಾಲ್ಕು ಪಕ್ಷದವರೂ ಒಮ್ಮೆಲೇ ಟೀ ಲೋಟ ಎತ್ತಿಕೊಂಡರು.

ಬಸ್ಸಿನಲ್ಲಿ ಹಿಂದಿರುಗುವಾಗ ಹೊಳೆಯಿತು. ನಮ್ಮ ಕಚೇರಿಗಳಿಗೆ ಪ್ಯಾಕೇಜ್ ಮ್ಯಾನೇಜರ್ ಇಲ್ಲ ಎಂದುಕೊಂಡಿದ್ದೆ. ಇದ್ದಾನೆ. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ, ಕಂಕುಳಲ್ಲಿ ಫೈಲು ಇಟ್ಟುಕೊಂಡು ಕೂತಿರುತ್ತಾನೆ. ಯಾವುದಕ್ಕೆ ಯಾವುದು ಬೇಕು, ಅದಕ್ಕೆ ಮತ್ತೇನು ಬೇಕು, ಯಾರೊಂದಿಗೆ ಯಾರು ಕೂರುವುದಿಲ್ಲ, ಎಲ್ಲವೂ ಅವನಿಗೆ ಬಾಯಿಪಾಠ. ‘ಮುಂದುವರಿಯಲೇ?’ ಎಂದು ಕೇಳುವ ಸೌಜನ್ಯವೂ ಇದೆ. ಅವನ ಆಕರ ಮಾತ್ರ ತೆರೆದದ್ದಲ್ಲ.

ಮನೆಗೆ ಬಂದು ಡೆಬಿಯನ್ನಿನಲ್ಲಿ, ಗುಬ್ಬಿ ಫಾಂಟಿನಲ್ಲಿ, ಕಗಪ ಕೀಲಿಮಣೆಯಲ್ಲಿ ನಾನೂ ಒಂದು ಚೀಟಿ ಬರೆದೆ. ‘ಹೆಸರು ತಿದ್ದುಪಡಿಗೆ ಇದಿಲ್ಲದೆ ಆಗದು’ ಎಂದು ಏಳು. ‘ಇದ್ದರೆ ಒಳ್ಳೆಯದು’ ಎಂದು ಎರಡು. ಕೊನೆಯಲ್ಲಿ ‘ಇದನ್ನು ಮೊದಲು ಮಾಡಿಸಿ, ಅದನ್ನು ಆಮೇಲೆ’ ಎಂಬ ಸೂಚನೆ. ಐದು ಸಲ ಅಲೆದು ಗಳಿಸಿದ ಜ್ಞಾನವೆಲ್ಲ ಒಂದು ಹಾಳೆಯಲ್ಲಿ. ಮುದ್ರಿಸಿಕೊಡುವಾಗ ನಮ್ಮೂರಿನ ಜೆರಾಕ್ಸ್ ಅಂಗಡಿಯವನು ಪೂರ್ತಿ ಓದಿ, ‘ಮೇಷ್ಟ್ರೇ, ಇದ್ನ ಅಲ್ಲಿ ಅಂಟ್ಸುದ್ರ ನಾನ್ ಹೊಟ್ಟೆಗ ಏನ್ ತಿನ್ಲಿ?’ ಎಂದ. ಆದರೂ ದುಡ್ಡು ತಗೊಂಡ.

ಸೋಮವಾರ ಬೆಳಿಗ್ಗೆ ಕೌಂಟರಿನ ಪಕ್ಕದ ಗೋಡೆಗೆ ಅಂಟಿಸಿದೆ. ಜನ ಮುತ್ತಿಕೊಂಡರು. ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡರು. ಹನೂರಿನ ಕಡೆಯಿಂದ ಬಂದಿದ್ದ ಒಬ್ಬ ಮುದುಕರು ಓದಿಸಿಕೊಂಡು, ತಲೆಯಾಡಿಸಿ, ಸಾಲಿನಿಂದ ಹೊರಬಂದು ವಾಪಸು ಬಸ್ಸು ಹತ್ತಿದರು. ಏಳರಲ್ಲಿ ಅವರ ಬಳಿ ನಾಲ್ಕಿತ್ತು. ಅವರಿಗೆ ಉಳಿದದ್ದು ಮೂರು ದಿನದ ಕೂಲಿ.

ಮಂಗಳವಾರ ಹೋದರೆ ಗೋಡೆ ಖಾಲಿ. ಗೋಂದಿನ ಗುರುತು ಮಾತ್ರ ಇತ್ತು.

‘ನಮ್ಮ ಪಟ್ಟಿ ಎಲ್ಲಪ್ಪ?’

‘ಅಂಗೆಲ್ಲ ಸರ್ಕಾರಿ ಗೋಡೆಗ ಅಂಟ್ಸಂಗಿಲ್ಲ ಸಾ. ಪರ್ಮಿಸನ್ ಬೇಕು. ಒಂದು ಅರ್ಜಿ ಕೊಡಿ.’

ಈ ಸಲ ನಾನು ಜಾಣನಾಗಿದ್ದೆ. ಡೆಬಿಯನ್ ಬಳಕೆದಾರ. ಮೊದಲೇ ಕೇಳಿದೆ: ‘ಆ ಅರ್ಜಿಗೆ ಏನೇನು ಬೇಕು? ಎಲ್ಲ ಒಂದೇ ಸಲ ಹೇಳಿಬಿಡಿ.’

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು, ಬಹಳ ಪ್ರೀತಿಯಿಂದ ನನ್ನನ್ನು ನೋಡಿದರು.

‘ಮೊದ್ಲು ಒಂದು ಆಧಾರ್ ಜೆರಾಕ್ಸ್ ತಕ್ಕಬನ್ನಿ ಸಾ. ಆಮ್ಯಾಕ ಹೇಳ್ತೀನಿ.’